ಅಟ್ಟದ ಮೇಲಿದೆ ನಿಮ್ಮ ಕಾಸು

ಮಗ ಹೈಸ್ಕೂಲಿಗೆ ಬಂದರೂ ಅವನ ಮೂರು ಗಾಲಿ ಸೈಕಲ್ ಇನ್ನೂ ಅಟ್ಟದ ಮೇಲೇ ಇದೆ, ಅಲ್ವಾ? ಮಾರಿಬಿಡಿ! ಆನ್‌ಲೈನ್ ಹರಾಜಿಗೆ ಹೆಸರಾಗಿದ್ದ ಬಾಝೀ ಡಾಟ್ ಕಾಮ್ 2004ರಲ್ಲಿ ಇ-ಬೇ ಪಾಲಾಯಿತು. 2018ರಲ್ಲಿ ಇ-ಬೇ ಇಂಡಿಯಾ ತಾಣವೂ ಮುಚ್ಚಿತು. ಈಗ ಓಎಲ್‌ಎಕ್ಸ್‌ನಂಥ ತಾಣಗಳಲ್ಲಿ ಚೌಕಾಸಿ ಮಾಡಿ ಮಾರಬಹುದು. ಹಗಲು ಬೆಳಕಲ್ಲಿ ಫೋಟೊ ತೆಗೆಯಿರಿ, ಗೀರು ಬಿದ್ದಿದ್ದರೆ ಅದನ್ನೂ ತೋರಿಸಿ. ಕೊರಿಯರ್ ಖರ್ಚು ಯಾರದ್ದು ಅಂತ ಮೊದಲೇ ಮಾತಾಡಿಕೊಳ್ಳಿ.

ಒಂದು ಮಾತ್ರ ಮರೀಬೇಡಿ. ‘ದುಡ್ಡು ಕಳಿಸ್ತೀನಿ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಮೇಡಂ’ ಅಂದರೆ ಫೋನ್ ಇಟ್ಟುಬಿಡಿ. ಯುಪಿಐನಲ್ಲಿ ಹಣ ಪಡೆಯೋಕೆ ಪಿನ್ ಬೇಡವೇ ಬೇಡ. ಪಿನ್ ಒತ್ತಿದರೆ ಹೋಗೋದು ನಿಮ್ಮ ದುಡ್ಡೇ!

ಬಂದದ್ದನ್ನು ದಿನಸಿ ಲೆಕ್ಕಕ್ಕೆ ಸೇರಿಸದೆ ನಿಮ್ಮ ಹೆಸರಿನ ಖಾತೆಗೇ ಹಾಕಿ. ಚಿಲ್ಲರೆಯಾದರೇನು, ಅದು ನಿಮ್ಮ ಸಂಪಾದನೆ.