ಮೋಡದ ಕೆಳಗಿನ ಸೇತುವೆ



ಮುಂಬೈಯಲ್ಲಿ ಕೆಲಸಕ್ಕಿರುವ ನಮ್ಮ ಕಡೆಯ ಹುಡುಗನೊಬ್ಬ ರಜೆಗೆ ಬಂದಾಗ ತನ್ನ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದ. ಪರೇಲ್ ರೈಲು ನಿಲ್ದಾಣದ ಹತ್ತಿರ, ಹೊರಗಿನ ರಸ್ತೆಯಿಂದ ತೆಗೆದದ್ದು. ಚಿತ್ರದ ಮುಕ್ಕಾಲು ಭಾಗ ಬರೀ ಮೋಡ. ಬುಡ ಕಡುಗಪ್ಪು, ಅಂಚೆಲ್ಲ ಬೆಳ್ಳಿ. ಒಂದು ಸೀಳಿನಿಂದ ಬಿಸಿಲು ಕೋಲಿನಂತೆ ಇಳಿದಿತ್ತು. ಕೆಳಗೆ ಕರಿ ಗೆರೆ ಎಳೆದಂತೆ ಪಾದಚಾರಿ ಸೇತುವೆ, ಅದರ ಮೇಲೆ ಇರುವೆ ಸಾಲಿನಂತೆ ಜನ.

"ನೋಡ್ರಿ ಫಾದರ್, ಹ್ಯಾಂಗ ಬಂದದ!" ಎಂದ. ನಿಜಕ್ಕೂ ಚೆನ್ನಾಗಿಯೇ ಬಂದಿತ್ತು.

ಪಕ್ಕದಲ್ಲಿ ಕುಳಿತಿದ್ದ ಅವನ ತಾಯಿಯೂ ಫೋನನ್ನು ಕೈಗೆ ತೆಗೆದುಕೊಂಡು ನೋಡಿದರು. ನೋಡಿ ಕೇಳಿದ್ದು ಒಂದೇ ಮಾತು: "ಇಷ್ಟ ಮಳಿ ಬರೂ ಹಂಗ ಅದ. ಆ ಮಂದಿ ಕೈಯಾಗ ಛತ್ರಿ ಅದಾವೋ ಇಲ್ಲೋ?"

ಹುಡುಗ ಚಿತ್ರವನ್ನು ದೊಡ್ಡದು ಮಾಡಿ ನೋಡಿದ. ಛತ್ರಿಯೂ ಕಾಣಲಿಲ್ಲ, ಮುಖವೂ ಕಾಣಲಿಲ್ಲ. ಎಲ್ಲ ಕಪ್ಪು. ಆ ತಾಯಿಯ ಪ್ರಶ್ನೆಯೇ ಈ ತಿಂಗಳ ನನ್ನ ವಿಷಯ.

ಮುಖಗಳು ಕಪ್ಪಾದದ್ದು ಹುಡುಗನ ತಪ್ಪಲ್ಲ. ನಮ್ಮ ಕಣ್ಣು ಹೊಳೆಯುವ ಮೋಡವನ್ನೂ ಅದರ ಕೆಳಗಿನ ನೆರಳನ್ನೂ ಒಟ್ಟಿಗೆ ನೋಡಬಲ್ಲದು. ಕ್ಯಾಮೆರಾಕ್ಕೆ ಆ ಶಕ್ತಿ ಕಡಿಮೆ. ಮೋಡದ ಬೆಳಕಿಗೆ ಅದನ್ನು ಹೊಂದಿಸಿದರೆ ಸೇತುವೆ ಕಪ್ಪಾಗುತ್ತದೆ. ಸೇತುವೆಯ ಮೇಲಿನವರ ಮುಖಕ್ಕೆ ಹೊಂದಿಸಿದರೆ ಮೋಡವೆಲ್ಲ ಸುಣ್ಣ ಹಚ್ಚಿದ ಗೋಡೆಯಾಗುತ್ತದೆ. ಎರಡರಲ್ಲಿ ಯಾವುದು ಬೇಕು ಎಂದು ತೆಗೆಯುವವನೇ ತೀರ್ಮಾನಿಸಬೇಕು.

ಇದು ಬಹಳ ಹಳೆಯ ತೊಡಕು. 1850ರ ದಶಕದಲ್ಲಿ ಬಳಕೆಯಲ್ಲಿದ್ದ ಫೋಟೋ ಗಾಜುಗಳು ನೀಲಿ ಬೆಳಕನ್ನು ಬೇಗ ಹಿಡಿಯುತ್ತಿದ್ದವು. ನೆಲದ ಮೇಲಿನದು ಸರಿಯಾಗಿ ಮೂಡುವ ಹೊತ್ತಿಗೆ ಆಕಾಶವೆಲ್ಲ ಬಿಳಿಯಾಗಿರುತ್ತಿತ್ತು. ಫ್ರಾನ್ಸಿನ ಗುಸ್ತಾವ್ ಲ ಗ್ರೇ ಎಂಬಾತ ತನ್ನ ಕಡಲಿನ ಚಿತ್ರಗಳಿಗೆ ಒಂದು ಉಪಾಯ ಮಾಡಿದ. ನೀರಿಗೊಂದು ನೆಗೆಟಿವ್, ಮೋಡಕ್ಕೊಂದು ನೆಗೆಟಿವ್ ತೆಗೆದು, ಎರಡನ್ನೂ ಒಂದೇ ಕಾಗದದ ಮೇಲೆ ಮುದ್ರಿಸಿದ. ಆಮೇಲೆ ಹಲವರು ಒಳ್ಳೊಳ್ಳೆಯ ಮೋಡಗಳ ನೆಗೆಟಿವ್‌ಗಳನ್ನು ಕೂಡಿಸಿಟ್ಟುಕೊಂಡು, ಬೇಕಾದ ಚಿತ್ರಕ್ಕೆ ಜೋಡಿಸತೊಡಗಿದರು. ಒಂದೇ ಮೋಡ ಎರಡು ಊರುಗಳ ಮೇಲೆ ತೇಲಿತು! ಇಂದಿನ ಮೊಬೈಲುಗಳು ಎಚ್‌ಡಿಆರ್ ಎಂಬ ಹೆಸರಿನಲ್ಲಿ ಹೆಚ್ಚುಕಡಿಮೆ ಅದನ್ನೇ ಮಾಡುತ್ತವೆ. ಒಂದು ಕ್ಷಣದಲ್ಲಿ ಬೇರೆಬೇರೆ ಬೆಳಕಿನ ಹಲವು ಚಿತ್ರಗಳನ್ನು ತೆಗೆದು ಒಂದುಗೂಡಿಸುತ್ತವೆ. ಆದರೂ ಮೋಡ ತೀರಾ ಹೊಳೆಯುತ್ತಿದ್ದರೆ ದೂರದ ಮುಖಗಳು ಕಪ್ಪಾಗಿಯೇ ಉಳಿಯುತ್ತವೆ.

ಇಂಥ ಮೋಡಗಳು ಮುಂಬೈಯಲ್ಲಿ ಹೆಚ್ಚಾಗಿ ಸಿಗುವುದು ಮಳೆಗಾಲ ಹಿಂದೆ ಸರಿಯುವ ದಿನಗಳಲ್ಲಿ. ಜುಲೈ ತಿಂಗಳ ಮೋಡ ಕಂಬಳಿ ಹೊದೆಸಿದಂತೆ. ಎಲ್ಲೆಲ್ಲೂ ಒಂದೇ ಬೂದು ಬಣ್ಣ. ಸೆಪ್ಟೆಂಬರ್ ಕೊನೆಗೆ ಹಾಗಲ್ಲ. ನಡುವೆ ಬಿಸಿಲು ಬಿದ್ದು ನೆಲ ಕಾಯುತ್ತದೆ, ತೇವದ ಗಾಳಿ ಮೇಲೇರುತ್ತದೆ, ಗುಡುಗು ಮೋಡ ಹತ್ತು ಕಿಲೋಮೀಟರಿಗೂ ಮಿಕ್ಕಿ ಎತ್ತರ ಬೆಳೆಯುತ್ತದೆ. ಅಷ್ಟು ದಪ್ಪ ಮೋಡವನ್ನು ದಾಟಿ ಬೆಳಕು ಕೆಳಗಿಳಿಯುವುದು ಕಡಿಮೆ. ಅದಕ್ಕೇ ಬುಡ ಕಪ್ಪು. ಬದಿಯ ಬಿಸಿಲು ತಾಗಿದ ಅಂಚು ಮಾತ್ರ ಹೊಳೆಯುತ್ತದೆ.

ನಮ್ಮ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆ ಅದು ಹಸ್ತ ಮಳೆಯ ಕಾಲ. ಅಂಥ ಮೋಡ ಎದ್ದರೆ ನಮಗೆ ಹಿಂಗಾರಿ ಜೋಳದ ಆಸೆ. ಆದರೆ ಛತ್ರಿಯಿಲ್ಲದೆ ಆಫೀಸಿಗೆ ಓಡುವವರಿಗೆ ಅದೇ ಮೋಡ ಬೇರೆಯೇ ಕಾಣುತ್ತದೆ.

ಹುಡುಗ ಫೋಟೋ ತೆಗೆದ ಆ ಜಾಗದ ಹೆಸರು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು. 2017ರ ಸೆಪ್ಟೆಂಬರ್ 29, ಶುಕ್ರವಾರ, ದಸರೆಯ ಹಿಂದಿನ ದಿನ. ಪರೇಲ್ ನಿಲ್ದಾಣಕ್ಕೂ ಆಗ ಎಲ್ಫಿನ್‌ಸ್ಟನ್ ರೋಡ್ ಎನ್ನುತ್ತಿದ್ದ ಈಗಿನ ಪ್ರಭಾದೇವಿ ನಿಲ್ದಾಣಕ್ಕೂ ನಡುವೆ ಒಂದು ಹಳೆಯ ಪಾದಚಾರಿ ಸೇತುವೆ ಇತ್ತು. ಆ ಭಾಗ ಮೊದಲು ಬಟ್ಟೆ ಗಿರಣಿಗಳ ಊರು, ಗಿರಣಗಾಂವ. 1982ರಲ್ಲಿ ದತ್ತಾ ಸಾಮಂತರ ನೇತೃತ್ವದಲ್ಲಿ ನಡೆದ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಗಿರಣಿ ಮುಚ್ಚುವುದೆಂದರೆ ಏನೆಂದು ಸೊಲ್ಲಾಪುರದವರಿಗೆ ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಗಿರಣಿಯ ನೆಲದ ಮೇಲೆ ಆಫೀಸುಗಳೂ ಮಾಲ್‌ಗಳೂ ಎದ್ದವು. ಜನ ಹೆಚ್ಚಾದರು. ಸೇತುವೆಯ ಮೆಟ್ಟಿಲು ಮಾತ್ರ ಇಕ್ಕಟ್ಟಾಗಿಯೇ ಉಳಿಯಿತು.

ಅಂದು ಬೆಳಗ್ಗೆ ಹತ್ತೂವರೆಯ ಹೊತ್ತಿಗೆ ಜೋರು ಮಳೆ ಬಂತು. ಸೇತುವೆ ಇಳಿದು ಹೋಗಬೇಕಾದವರು ನೆನೆಯಬಾರದೆಂದು ಮೆಟ್ಟಿಲ ಮೇಲೆಯೇ ನಿಂತರು. ಹಿಂದಿನಿಂದ ರೈಲಿಳಿದವರು ಬರುತ್ತಲೇ ಇದ್ದರು. ಮುಂದೆ ಏನಾಗಿದೆ ಎಂದು ಹಿಂದಿನವರಿಗೆ ಕಾಣುತ್ತಿರಲಿಲ್ಲ. ಆ ನೂಕುನುಗ್ಗಲಿನಲ್ಲಿ 23 ಜನ ಸತ್ತರು. ಸೇತುವೆ ಮುರಿದು ಬಿದ್ದದ್ದಲ್ಲ. ಮಳೆಗೆ ಹೆದರಿ ನಿಂತವರು, ಹೊತ್ತಾಯಿತೆಂದು ಬಂದವರು, ಇಬ್ಬರದೂ ತಪ್ಪಲ್ಲ. ಅವರಿಗೆ ಸಾಕಷ್ಟು ಜಾಗವಿರಲಿಲ್ಲ. ಆಮೇಲೆ ಸೈನ್ಯದ ಇಂಜಿನಿಯರುಗಳು ಬಂದು ಅಲ್ಲಿ ಹೊಸದೊಂದು ಸೇತುವೆ ಕಟ್ಟಿದರು. 2018ರ ಫೆಬ್ರವರಿಯಲ್ಲಿ ಅದು ಜನರಿಗೆ ತೆರೆಯಿತು.

ಅಂದು ಬೆಳಗ್ಗೆ ದೂರದಲ್ಲಿ ಯಾರಾದರೂ ಕ್ಯಾಮೆರಾ ಹಿಡಿದು ನಿಂತಿದ್ದರೆ ಅವರಿಗೆ ಕಂಡಿರುತ್ತಿದ್ದದ್ದೂ ಇದೇ ಅಲ್ಲವೇ? ದೊಡ್ಡ ಮೋಡ, ಕೆಳಗೆ ಕರಿ ಗೆರೆ, ಗೆರೆಯ ಮೇಲೆ ಚುಕ್ಕಿಗಳು.

ಹಾಗಾದರೆ ಮೋಡದ ಫೋಟೋ ತೆಗೆಯಬಾರದೇ? ಧಾರಾಳವಾಗಿ ತೆಗೆಯಿರಿ. ನಮ್ಮ ಯುವಕರಿಗೆ ನಾನು ಹೇಳುವುದು ಮೂರೇ ಮಾತು. ಒಂದು, ಸೇತುವೆಯ ಮೇಲೆ, ಅದರಲ್ಲೂ ಮೆಟ್ಟಿಲ ಮೇಲೆ ನಿಂತು ತೆಗೆಯಬೇಡಿ. ನಾಲ್ಕು ಜನ ನಿಂತರೆ ಸಾಕು, ದಾರಿ ಕಟ್ಟುತ್ತದೆ. ಹೊರಗೆ ಬದಿಯಲ್ಲಿ ನಿಂತರೆ ಚಿತ್ರವೂ ಚೆನ್ನಾಗಿ ಬರುತ್ತದೆ. ಎರಡು, ಮೋಡ ಚೆನ್ನಾಗಿ ಬರಬೇಕಾದರೆ ಪರದೆಯಲ್ಲಿ ಮೋಡದ ಮೇಲೆ ಬೆರಳಿಟ್ಟು, ಬೆಳಕನ್ನು ಸ್ವಲ್ಪ ಇಳಿಸಿ ತೆಗೆಯಿರಿ. ಮೂರು, ಅಷ್ಟಕ್ಕೇ ಫೋನನ್ನು ಜೇಬಿಗೆ ಇಳಿಸಬೇಡಿ. ನಾಲ್ಕು ಹೆಜ್ಜೆ ಹತ್ತಿರ ಹೋಗಿ, ಈ ಸಲ ಜನರ ಮೇಲೆ ಬೆರಳಿಟ್ಟು ಇನ್ನೊಂದು ತೆಗೆಯಿರಿ. ಮೋಡ ಬೆಳ್ಳಗಾದರೆ ಆಗಲಿ.

ಆ ಹುಡುಗ ಮುಂಬೈಗೆ ಹಿಂದಿರುಗಿದ ಮೇಲೆ ನನಗೆ ಮತ್ತೊಂದು ಚಿತ್ರ ಕಳಿಸಿದ. ಅದೇ ಸೇತುವೆ. ಆಕಾಶ ಸಪ್ಪೆಯಾಗಿದೆ. ಮೆಟ್ಟಿಲಿಳಿದು ಬರುತ್ತಿರುವ ಒಬ್ಬ ಹೆಂಗಸು ಊಟದ ಚೀಲವನ್ನು ತಲೆಯ ಮೇಲೆ ಹಿಡಿದಿದ್ದಾಳೆ. ಮುಖ ಸ್ಪಷ್ಟವಾಗಿ ಕಾಣುವುದರಿಂದ ಅದನ್ನು ಬೇರೆ ಯಾರಿಗೂ ಕಳಿಸುವುದಿಲ್ಲ ಎಂದೂ ಬರೆದಿದ್ದ. ಒಳ್ಳೆಯದೇ ಮಾಡಿದ.

ಕೆಳಗೆ ಇನ್ನೊಂದು ಸಾಲು ಇತ್ತು: "ಅವ್ವಗ ತೋರಿಸೀನ್ರಿ. ಛತ್ರಿ ಇಲ್ಲಂತ ಬೈದಳ್ರಿ."