ಏರಿಯ ಮೇಲಿನ ಹಾದಿ

ಬೈಸಿಕಲ್ ಸವಾರನಿಗೆ ಬೆಟ್ಟವೇ ಹಗೆಯೆಂದು ಲೋಕದ ನಂಬಿಕೆ. ನೆಲ ಸಮತಟ್ಟಾಗಿದ್ದರೆ ಸವಾರಿ ಸುಖವೆಂದು ಎಲ್ಲರೂ ಭಾವಿಸುತ್ತಾರೆ. ಈ ನಂಬಿಕೆ ಎಷ್ಟರ ಮಟ್ಟಿಗೆ ನಿಜವೆಂಬುದನ್ನು ಪರೀಕ್ಷಿಸಬೇಕೆನ್ನುವವರು ಇಂಗ್ಲೆಂಡಿನ ಪೂರ್ವ ಭಾಗದ ಫೆನ್ಸ್ ನಾಡಿಗೆ ಹೋಗಬೇಕು. ಕೇಂಬ್ರಿಜ್‌ಷೈರ್, ಲಿಂಕನ್‌ಷೈರ್, ನಾರ್ಫಕ್ ಪ್ರಾಂತಗಳಲ್ಲಿ ಹರಡಿ, ವಾಷ್ ಎಂಬ ಕೊಲ್ಲಿಯ ಅಂಚಿನವರೆಗೆ ಚಾಚಿಕೊಂಡಿರುವ ಸುಮಾರು 4,000 ಚದರ ಕಿಲೋಮೀಟರಿನ ಬೇಸಾಯದ ಬಯಲು ಅದು. ಮಣೆಯಿಟ್ಟು ತಟ್ಟಿದಂತೆ ಸಮವಾದ ನೆಲ. ಮರಗಳು ವಿರಳ, ಬೇಲಿಗಳು ಇನ್ನೂ ವಿರಳ. ಗಾಳಿ ಬೀಸಿತೆಂದರೆ ಅದನ್ನು ತಡೆಯುವ ಮರೆಯೊಂದೂ ಇಲ್ಲ. ಬೆಟ್ಟವನ್ನು ಹತ್ತಿದವನಿಗೆ ಇಳಿಜಾರಿನ ಭಾಗ್ಯವಾದರೂ ಉಂಟು. ಎದುರುಗಾಳಿಗೆ ಸಿಕ್ಕಿದವನಿಗೆ ಹಾದಿಯುದ್ದಕ್ಕೂ ಏರೇ.

ಇಂಥ ಸವಾರಿಗಾಗಿ ಈಗ ಬೇರೆಯ ವಾಹನವೇ ಹುಟ್ಟಿಕೊಂಡಿದೆ. ಅದಕ್ಕೆ ಗ್ರಾವೆಲ್ ಬೈಕ್, ಅಂದರೆ ಗರಸುಹಾದಿಯ ಬೈಸಿಕಲ್ಲು, ಎಂದು ಹೆಸರು. ನೋಟಕ್ಕೆ ಪಂದ್ಯದ ಬೈಸಿಕಲ್ಲಿನಂತೆಯೇ. ಹಿಡಿ ಟಗರಿನ ಕೊಂಬಿನಂತೆ ಕೆಳಕ್ಕೆ ಬಾಗಿರುತ್ತದೆ. ಟೈರು ಮಾತ್ರ 40 ಮಿಲಿಮೀಟರಿನ ಆಸುಪಾಸಿನಷ್ಟು ಅಗಲ. ಅದರಲ್ಲಿ ತುಂಬುವ ಗಾಳಿ ಕಡಿಮೆ. ಮೆತ್ತನೆಯ ಟೈರು ಕಲ್ಲು ಗುಂಡಿಗಳ ಪೆಟ್ಟನ್ನು ತಾನೇ ನುಂಗಿಕೊಳ್ಳುತ್ತದೆ. ಅನೇಕರು ಟ್ಯೂಬನ್ನೇ ತೆಗೆದುಹಾಕಿ, ರಂಧ್ರ ಬಿದ್ದೊಡನೆ ಅದನ್ನು ಮುಚ್ಚುವ ದ್ರವವನ್ನು ಟೈರಿನೊಳಗೆ ಸುರಿದಿಟ್ಟುಕೊಳ್ಳುತ್ತಾರೆ. ಅಮೆರಿಕದ ಕಾನ್ಸಸ್ ಸಂಸ್ಥಾನದ ಎಂಪೋರಿಯಾ ಪಟ್ಟಣದಲ್ಲಿ 2006ರಲ್ಲಿ 34 ಮಂದಿ ಸವಾರರು 200 ಮೈಲಿಯ ಗರಸುಹಾದಿಯ ಪಂದ್ಯಕ್ಕೆ ಹೊರಟಾಗ ಇದು ಕೆಲವರ ಹುಚ್ಚೆಂದು ಜನ ನಕ್ಕಿರಬಹುದು. 2022ರಲ್ಲಿ ಅಂತಾರಾಷ್ಟ್ರೀಯ ಸೈಕಲ್ ಒಕ್ಕೂಟವೇ ಇದರ ಮೊದಲ ವಿಶ್ವ ಚಾಂಪಿಯನ್‌ಷಿಪ್ಪನ್ನು ಇಟಲಿಯ ವೆನೆಟೊ ಸೀಮೆಯಲ್ಲಿ ನಡೆಸಿತು.

ಫೆನ್ಸ್ ನಾಡಿನಲ್ಲಿ ಇಂಥ ವಾಹನಕ್ಕೆ ಒದಗುವ ಹಾದಿಗಳು ಎರಡು ಬಗೆ. ಒಂದು, ಹಿಂದಿನ ಕಾಲದಲ್ಲಿ ದನಗಳನ್ನು ಅಟ್ಟಿಕೊಂಡು ಹೋಗುತ್ತಿದ್ದ ಅಗಲವಾದ ಹುಲ್ಲುದಾರಿ. ಅದಕ್ಕೆ ಅಲ್ಲಿಯವರು ಡ್ರೋವ್ ಎನ್ನುತ್ತಾರೆ. ಇನ್ನೊಂದು, ನದಿ ಕಾಲುವೆಗಳ ಇಕ್ಕೆಲದಲ್ಲಿ ಎತ್ತರಿಸಿದ ಮಣ್ಣಿನ ಏರಿ. ಕನ್ನಡ ನಾಡಿನ ಓದುಗರಿಗೆ ನಾಲೆಯೆಂದರೆ ಹೊಲಕ್ಕೆ ನೀರು ತರುವ ಉಪಕಾರಿ. ಫೆನ್ಸ್ ನಾಡಿನ ಕಾಲುವೆಯ ಕೆಲಸ ಇದಕ್ಕೆ ವಿರುದ್ಧ: ಹೊಲದ ನೀರನ್ನು ಹೊರಕ್ಕೆ ಸಾಗಿಸಿ ಸಮುದ್ರ ಮುಟ್ಟಿಸುವುದು. ಆ ಕೆಲಸ ನಿಂತರೆ ಬಯಲು ಮತ್ತೆ ಜೌಗಾಗುತ್ತದೆ.

ಜೌಗೇ ಅದರ ಮೂಲ ರೂಪ. ಜೊಂಡು, ನೀರುಹಕ್ಕಿ, ಹಾವುಮೀನುಗಳ ಆ ನಾಡಿನ ನಡುವೆ ದಿಬ್ಬದ ಮೇಲಿದ್ದ ಈಲಿ ಊರು ದ್ವೀಪವೆನಿಸಿಕೊಂಡಿತ್ತು. ಹಾವುಮೀನಿನಿಂದಲೇ ಅದಕ್ಕೆ ಆ ಹೆಸರು ಬಂತೆಂದು ಹೇಳುತ್ತಾರೆ. 1630ರಲ್ಲಿ ಬೆಡ್‌ಫರ್ಡಿನ ಅರ್ಲ್ ತನ್ನೊಡನೆ ಹದಿಮೂರು ಮಂದಿ ಹಣವಂತರನ್ನು ಕೂಡಿಸಿಕೊಂಡು ಈ ಜೌಗನ್ನು ಬಸಿಯಲು ಒಪ್ಪಂದ ಮಾಡಿಕೊಂಡನು. ಕೆಲಸದ ಸೂತ್ರ ಹಿಡಿದವನು ಹಾಲೆಂಡಿನ ಎಂಜಿನಿಯರ್ ಕಾರ್ನೀಲಿಯಸ್ ವರ್ಮೌಡನ್. ಗ್ರೇಟ್ ಊಸ್ ನದಿ ಡೊಂಕುಡೊಂಕಾಗಿ ಹರಿಯುತ್ತಿದ್ದುದರಿಂದಲೇ ನೀರು ನಿಲ್ಲುತ್ತಿದೆಯೆಂದು ಬಗೆದು, ಇಯರಿತ್‌ನಿಂದ ಡೆನ್ವರ್‌ವರೆಗೆ ಸುಮಾರು 33 ಕಿಲೋಮೀಟರು ಉದ್ದಕ್ಕೆ, ನೂಲು ಹಿಡಿದಂತೆ ನೇರವಾದ ಕಾಲುವೆಯನ್ನು ತೋಡಿಸಿದನು. 1637ರಲ್ಲಿ ಮುಗಿದ ಅದಕ್ಕೆ ಓಲ್ಡ್ ಬೆಡ್‌ಫರ್ಡ್ ನದಿಯೆಂದು ಹೆಸರು. ಅದು ಸಾಲದೆ, 1651ರಲ್ಲಿ ಅದರ ಪಕ್ಕದಲ್ಲಿಯೇ ನೂರು ಅಡಿ ಅಗಲದ ಇನ್ನೊಂದು ಕಾಲುವೆ, ನ್ಯೂ ಬೆಡ್‌ಫರ್ಡ್, ಸಿದ್ಧವಾಯಿತು. ಡನ್‌ಬಾರ್ ಕದನದಲ್ಲಿ ಸೆರೆಸಿಕ್ಕಿದ ಸ್ಕಾಟ್ಲೆಂಡಿನ ಯುದ್ಧಕೈದಿಗಳೂ ಅದನ್ನು ಅಗೆದವರಲ್ಲಿ ಸೇರಿದ್ದರು. ಮೀನು, ಹಕ್ಕಿ, ಜೊಂಡುಗಳನ್ನೇ ನಂಬಿ ಬದುಕುತ್ತಿದ್ದ ಜೌಗಿನ ಜನಕ್ಕೆ ಇದು ಹೊಟ್ಟೆಯ ಮೇಲೆ ಹೊಡೆದಂತಾಯಿತು. ಅವರು ಗುಂಪುಕೂಡಿ ಏರಿಗಳನ್ನು ಒಡೆದರು. ಫೆನ್ ಹುಲಿಗಳೆಂಬ ಬಿರುದು ಅವರಿಗೆ ಅಂಟಿಕೊಂಡಿತು.

ಇಯರಿತ್‌ನಿಂದ ಡೆನ್ವರ್ ಕಡೆಗೆ ಹೊರಡುವ ಸವಾರನಿಗೆ ಒಂದು ಅನುಕೂಲವುಂಟು. ಅಲ್ಲಿ ಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುತ್ತದೆ. ಕಾಲುವೆಗಳು ಸಾಗುವುದು ಈಶಾನ್ಯಕ್ಕೆ. ಬೆನ್ನಿಗೆ ಗಾಳಿಯನ್ನು ಕಟ್ಟಿಕೊಂಡು ಹೋಗಿ, ಕೊನೆಗೆ ಡೌನ್‌ಹ್ಯಾಮ್ ಮಾರ್ಕೆಟ್ಟಿನಲ್ಲಿ ರೈಲು ಹತ್ತಿ ಹಿಂದಿರುಗಬಹುದು. ಆದರೆ ದಡವನ್ನು ಆರಿಸಿಕೊಳ್ಳುವಾಗ ಯೋಚಿಸಬೇಕು. ಸೇತುವೆಗಳು ಬೆರಳೆಣಿಕೆಯಷ್ಟು. ಆಚೆಯ ದಡದಲ್ಲಿ ಕಾಣುವ ಊರು ಕೂಗಳತೆಯಲ್ಲಿದ್ದರೂ ಅದನ್ನು ಮುಟ್ಟಲು ಹಲವು ಮೈಲಿ ಸುತ್ತಬೇಕಾದೀತು. ಎರಡು ಕಾಲುವೆಗಳ ನಡುವಣ ಪಟ್ಟಿಯನ್ನು ಚಳಿಗಾಲದ ನೆರೆನೀರನ್ನು ತಡೆದು ನಿಲ್ಲಿಸುವುದಕ್ಕೆಂದೇ ಬಿಟ್ಟಿದ್ದಾರೆ. ಆಗ ವೆಲ್ನಿ ಊರಿನ ಬಳಿ ಈ ಪಟ್ಟಿಯನ್ನು ದಾಟುವ ರಸ್ತೆಯೂ ಮುಳುಗುವುದುಂಟು. ಉತ್ತರ ಧ್ರುವದ ಕಡೆಯಿಂದ ವಲಸೆ ಬಂದ ಸಾವಿರಾರು ಹಂಸಗಳು ಆ ನೀರಿನ ಮೇಲೆ ಇಳಿಯುವ ಕಾಲವೂ ಅದೇ.

ಹಕ್ಕಿನ ಪ್ರಶ್ನೆಯೂ ಒಂದಿದೆ. ಇಂಗ್ಲೆಂಡಿನ 1968ರ ಗ್ರಾಮಪ್ರದೇಶ ಕಾಯಿದೆಯಂತೆ ಕುದುರೆದಾರಿಗಳಲ್ಲಿ ಬೈಸಿಕಲ್ ನಡೆಸಲು ಸವಾರನಿಗೆ ಅಧಿಕಾರವುಂಟು. ಆದರೆ ಕಾಲ್ನಡೆಯವರಿಗೂ ಕುದುರೆಯವರಿಗೂ ಅವನು ದಾರಿ ಬಿಡಬೇಕು. ಬರಿಯ ಕಾಲುದಾರಿಯಲ್ಲಿ ಅವನಿಗೆ ಆ ಅಧಿಕಾರವಿಲ್ಲ. ಏರಿಯ ಮೇಲಿನ ಎಷ್ಟೋ ಹಾದಿಗಳು ಕಾಲುದಾರಿಗಳೇ. ಆದ್ದರಿಂದ ತಿಳಿದ ಸವಾರನು ಹೊರಡುವ ಮೊದಲು ಸರ್ಕಾರಿ ಭೂಪಟವನ್ನು ಹರಡಿಕೊಂಡು ಹಸಿರು ಗೀಟುಗಳನ್ನು ನೋಡುತ್ತಾನೆ: ಚಿಕ್ಕ ಗೀಟು ಕಾಲುದಾರಿ, ಉದ್ದ ಗೀಟು ಕುದುರೆದಾರಿ. ಏರಿಯ ಮೇಲೆ ಕುರಿಗಳು ಮೇಯುತ್ತಿದ್ದರೆ ಇಳಿದು ನಡೆಯುತ್ತಾನೆ, ತೆರೆದ ಬಾಗಿಲನ್ನು ಮುಚ್ಚುತ್ತಾನೆ. ಹುಲ್ಲನ್ನು ಗಿಡ್ಡವಾಗಿ ಕತ್ತರಿಸಿ ಬೇರನ್ನು ಬಿಗಿಯಾಗಿಡುವ ಕೆಲಸ ಆ ಕುರಿಗಳದು. ಏರಿಯ ಬಲ ಆ ಬೇರಿನಲ್ಲಿದೆ. ಶರತ್ಕಾಲದಿಂದಾಚೆಗೆ ಸಕ್ಕರೆ ಬೀಟಿನ ಗಡ್ಡೆಯನ್ನು ಸಾಗಿಸುವ ಟ್ರ್ಯಾಕ್ಟರುಗಳು ಡ್ರೋವುಗಳನ್ನು ಕಲಸಿ ಹಾಕಿದಾಗ ಯಾವ ಟೈರಿನ ಆಟವೂ ನಡೆಯದು. ವಾಹನವನ್ನು ಹೆಗಲಿಗೇರಿಸುವುದೇ ಉಪಾಯ.

ಈ ನೇರ ನೀರಿನ ದಡದಲ್ಲಿ ಒಂದು ವಿನೋದವೂ ನಡೆಯಿತು. 1838ರಲ್ಲಿ ಸ್ಯಾಮ್ಯುಯೆಲ್ ರೋಬಾಥಮ್ ಎಂಬಾತ ಓಲ್ಡ್ ಬೆಡ್‌ಫರ್ಡ್ ನದಿಯಲ್ಲಿಳಿದು, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು, ಬಾವುಟ ಕಟ್ಟಿದ ದೋಣಿಯೊಂದು ಆರು ಮೈಲಿ ದೂರ ಹೋಗುವವರೆಗೂ ಅದನ್ನು ಕಂಡನಂತೆ. ಭೂಮಿ ದುಂಡಗಿದ್ದರೆ ದೋಣಿ ಮರೆಯಾಗಬೇಕಿತ್ತು. ಆದ್ದರಿಂದ ಭೂಮಿ ಚಪ್ಪಟೆಯೆಂದು ಸಾರಿದನು. ಅವನ ಮತವನ್ನು ನಂಬಿದ ಜಾನ್ ಹ್ಯಾಂಪ್ಡನ್ 1870ರಲ್ಲಿ 500 ಪೌಂಡಿನ ಪಣ ಒಡ್ಡಿದಾಗ, ಡಾರ್ವಿನ್ನನ ಸಮಕಾಲೀನನಾದ ಪ್ರಕೃತಿವಿಜ್ಞಾನಿ ಆಲ್ಫ್ರೆಡ್ ರಸೆಲ್ ವಾಲೇಸ್ ಅದನ್ನು ಒಪ್ಪಿಕೊಂಡನು. ನೀರಿನ ಬಳಿ ಗಾಳಿಯ ಪದರಗಳು ಬೆಳಕನ್ನು ಬಗ್ಗಿಸಿ ಕಣ್ಣಿಗೆ ಮೋಸಮಾಡುತ್ತವೆಂದು ಅವನಿಗೆ ಗೊತ್ತಿತ್ತು. ಅವನು ದೃಷ್ಟಿಯನ್ನು ನೀರಿನಿಂದ ಹಲವು ಅಡಿ ಮೇಲಕ್ಕೆತ್ತಿದನು. ಎರಡು ತುದಿಗಳ ಗುರುತುಗಳ ಎತ್ತರದಲ್ಲಿಯೇ ನಡುವೆಯೂ ಒಂದು ಗುರುತನ್ನು ನಿಲ್ಲಿಸಿ ದುರ್ಬೀನಿನಿಂದ ನೋಡಿದನು. ನಡುವಿನ ಗುರುತು ಮೇಲೆದ್ದು ಕಂಡಿತು. ವಾಲೇಸ್ ಗೆದ್ದನು, ಆದರೆ ಹ್ಯಾಂಪ್ಡನ್ ವರ್ಷಗಟ್ಟಲೆ ಅವನನ್ನು ಬೈದು ಪತ್ರ ಬರೆದು ಕಾಡಿದ್ದರಿಂದ, ಗೆದ್ದವನಿಗೆ ನೆಮ್ಮದಿಯೂ ಉಳಿಯಲಿಲ್ಲ.

ಕಣ್ಣಿಗೆ ಮೋಸವಲ್ಲದ ವಿಚಿತ್ರವೊಂದನ್ನು ಏರಿಯ ಮೇಲೆ ಹೋಗುವ ಪ್ರತಿಯೊಬ್ಬನೂ ಕಾಣಬಹುದು. ಅನೇಕ ಕಡೆ ಒಂದು ಪಕ್ಕದಲ್ಲಿ ನದಿಯ ನೀರು ಎತ್ತರದಲ್ಲಿದೆ. ಇನ್ನೊಂದು ಪಕ್ಕದ ಹೊಲ ಅದಕ್ಕಿಂತ ತಗ್ಗಿನಲ್ಲಿದೆ. ಮೊದಲು ಹೀಗಿರಲಿಲ್ಲ. ಸಾವಿರಾರು ವರ್ಷ ನೀರಿನಲ್ಲಿ ಕೊಳೆಯದೆ ಉಳಿದ ಗಿಡಮರಗಳ ಕಪ್ಪು ಮಣ್ಣು, ಪೀಟ್, ಇಲ್ಲಿಯ ನೆಲ. ನೀರು ಬಸಿದುಹೋದಾಗ ಅದು ಒಣಗಿದ ಸ್ಪಂಜಿನಂತೆ ಕುಗ್ಗುತ್ತದೆ. ಆಮೇಲೆ ಗಾಳಿ ತಗುಲಿ ನಿಧಾನವಾಗಿ ಕೊಳೆತು ಅನಿಲವಾಗಿ ಹೋಗುತ್ತದೆ. ವಸಂತದ ಬಿರುಗಾಳಿಯಲ್ಲಿ ಉತ್ತ ಹೊಲದ ಮಣ್ಣು ಕಪ್ಪು ಮೋಡವಾಗಿ ಏಳುವುದೂ ಉಂಟು. ನೆಲ ತಗ್ಗಿದಂತೆ ನೀರು ತಾನಾಗಿ ನದಿಗೆ ಹರಿಯದಾಯಿತು. ಮೊದಲು ಗಾಳಿಯಂತ್ರಗಳು ಬಂದವು; ಅನಂತರ ಉಗಿಯಂತ್ರಗಳು, ಆಮೇಲೆ ಡೀಸೆಲ್ ಮತ್ತು ವಿದ್ಯುತ್ ಪಂಪುಗಳು. 1831ರ ಉಗಿಯಂತ್ರವೊಂದನ್ನು ಸ್ಟ್ರೆಟಮ್ ಊರಿನ ನದಿದಡದಲ್ಲಿ ಕಾಪಾಡಿಟ್ಟಿದ್ದಾರೆ. ಪಂಪು ಬಲವಾದಷ್ಟೂ ನೆಲ ಹೆಚ್ಚು ಒಣಗಿತು; ಒಣಗಿದಷ್ಟೂ ಕುಸಿಯಿತು; ಕುಸಿದಷ್ಟೂ ಇನ್ನೂ ಬಲವಾದ ಪಂಪು ಬೇಕಾಯಿತು.

ಇದರ ಲೆಕ್ಕವನ್ನು ಹೋಮ್ ಫೆನ್ ಎಂಬಲ್ಲಿ ಕಬ್ಬಿಣದ ಕಂಬವೊಂದು ಇಟ್ಟಿದೆ. 1851ರಲ್ಲಿ, ಹತ್ತಿರದ ವಿಟಲ್ಸೀ ಸರೋವರವನ್ನು ಬರಿದು ಮಾಡಿದ ಕಾಲದಲ್ಲಿ, ಅದನ್ನು ತುದಿ ನೆಲಕ್ಕೆ ಸಮನಾಗುವಂತೆ ಹೂಳಿದ್ದರು. ಈಗ ಅದರ ತುದಿ ನೆಲದಿಂದ ಸುಮಾರು 4 ಮೀಟರು ಮೇಲಿದೆ. ಎತ್ತರದ ಮನುಷ್ಯನೊಬ್ಬನು ಅದರ ಬಳಿ ನಿಂತರೆ, ಅವನ ನೆತ್ತಿಯ ಮೇಲೆ ಇನ್ನೊಬ್ಬನು ನಿಂತರೂ ತುದಿ ಸಿಕ್ಕದು. ಕಂಬ ಬೆಳೆಯಲಿಲ್ಲ. ಅಷ್ಟು ನೆಲ ಕರಗಿಹೋಯಿತು. ಆ ಸ್ಥಳವೀಗ ಸಮುದ್ರಮಟ್ಟಕ್ಕಿಂತ ಎರಡೂವರೆ ಮೀಟರಿಗೂ ಹೆಚ್ಚು ಕೆಳಗಿದೆ.

ಏರಿ ಒಡೆದರೆ ಏನಾಗುವುದೆಂಬುದನ್ನು 1947ರ ಮಾರ್ಚಿಯಲ್ಲಿ ಆ ಜನ ಕಂಡರು. ಕರಗಿದ ಹಿಮದ ನೀರಿಗೆ ಬಿರುಗಾಳಿಯೂ ಸೇರಿ ಹಲವೆಡೆ ಏರಿಗಳು ಬಿರಿದು, ವಿಶಾಲವಾದ ಹೊಲಗಳು ಮುಳುಗಿದವು. ಆ ಬಳಿಕ ಡೆನ್ವರ್‌ನಿಂದ ಸಮುದ್ರದ ಕಡೆಗೆ ನೆರೆಯ ಭಾರವನ್ನು ಇಳಿಸುವ ಹೊಸ ಕಾಲುವೆಯನ್ನು ತೋಡಿ 1964ರಲ್ಲಿ ಮುಗಿಸಿದರು. ಆಲೂಗೆಡ್ಡೆ, ಬೀಟು, ಕ್ಯಾರೆಟ್, ಈರುಳ್ಳಿಗಳು ಈ ಕಪ್ಪು ಮಣ್ಣಿನಲ್ಲಿ ಸೊಂಪಾಗಿ ಬೆಳೆಯುತ್ತವೆ. ಇಂಗ್ಲೆಂಡಿನ ಊಟದ ತಟ್ಟೆಗೆ ಬರುವ ತರಕಾರಿಯಲ್ಲಿ ದೊಡ್ಡ ಪಾಲು ಇಲ್ಲಿಯದು. ಪಂಪು ನಿಲ್ಲಿಸಿರೆಂದು ರೈತನಿಗೆ ಹೇಳುವುದು ಸುಲಭವಲ್ಲ. ನಿಲ್ಲಿಸದಿದ್ದರೆ ಅವನ ಮೊಮ್ಮಗನಿಗೆ ಉಳುವುದಕ್ಕೆ ಆ ಮಣ್ಣೇ ಉಳಿಯದು.

ಇದಕ್ಕೆ ಎರಡು ಬಗೆಯ ಉತ್ತರಗಳನ್ನು ಸವಾರನು ಒಂದೇ ದಿನದಲ್ಲಿ ಕಾಣಬಹುದು. ಈಲಿಗೆ ದಕ್ಷಿಣದಲ್ಲಿರುವ ವಿಕನ್ ಫೆನ್ನಿನ ಒಂದು ತುಂಡನ್ನು ನ್ಯಾಷನಲ್ ಟ್ರಸ್ಟ್ 1899ರಲ್ಲಿಯೇ ಕೊಂಡು ಜೌಗಾಗಿಯೇ ಉಳಿಸಿತು. ಸುತ್ತಲಿನ ಹೊಲಗಳು ಕುಸಿದುದರಿಂದ ಅದೀಗ ಅವುಗಳ ನಡುವೆ ಎತ್ತರದ ದ್ವೀಪದಂತಿದೆ. ಹೊಲದ ನೀರನ್ನು ಹೊರಹಾಕಲು ಕಟ್ಟಿದ್ದ ಗಾಳಿಯಂತ್ರವೊಂದನ್ನು 1956ರಲ್ಲಿ ಅಲ್ಲಿಗೆ ತಂದು ನಿಲ್ಲಿಸಿ, ಜೌಗಿನೊಳಕ್ಕೆ ನೀರೆತ್ತುವ ಕೆಲಸಕ್ಕೆ ಹಚ್ಚಿದರು. 1999ರಲ್ಲಿ ಟ್ರಸ್ಟ್ ನೂರು ವರ್ಷದ ಯೋಜನೆಯೊಂದನ್ನು ಹಾಕಿಕೊಂಡು ನೆರೆಯ ಹೊಲಗಳನ್ನೂ ಕೊಳ್ಳತೊಡಗಿತು. ಲೋಡ್ಸ್ ವೇ ಎಂಬ ಬೈಸಿಕಲ್ ಹಾದಿ ಈ ಸೀಮೆಯಲ್ಲಿಯೇ, ರೋಮನ್ನರ ಕಾಲದವೆಂದು ನಂಬಲಾದ ಹಳೆಯ ಕಾಲುವೆಗಳನ್ನು ದಾಟಿಕೊಂಡು ಸಾಗುತ್ತದೆ.

ಅಲ್ಲಿ ಒಂದೆಡೆ ನೇಗಿಲ ಸಾಲು ದಿಗಂತದವರೆಗೆ ಓಡುತ್ತದೆ. ಇನ್ನೊಂದೆಡೆ ನೀರು ಮರಳಿ ಬಂದ ನೆಲದಲ್ಲಿ ಕುದುರೆಗಳು ಮೇಯುತ್ತವೆ. ರೈತನೂ ನಷ್ಟಪಡದೆ ಮಣ್ಣೂ ಉಳಿಯುವ ಹದವನ್ನು ಆ ನಾಡು ಇನ್ನೂ ಹುಡುಕುತ್ತಿದೆ. ಅದು ಸಿಕ್ಕುವವರೆಗೆ ಪಂಪುಗಳು ಹಗಲಿರುಳು ತಿರುಗುತ್ತಿರಬೇಕು, ಏರಿಗೆ ವರ್ಷವರ್ಷವೂ ಮಣ್ಣು ಬೀಳುತ್ತಿರಬೇಕು. ರಜೆಯ ದಿನ ಆ ಏರಿಯ ಮೇಲೆ ಹಗುರವಾಗಿ ಉರುಳುವ ಟೈರಿಗೆ ಸಿಕ್ಕುವ ಹಾದಿ, ಈ ದುಡಿಮೆಯ ಕಡೆಯಿಂದ ಬಂದ ಉಡುಗೊರೆ.