ಮಹಾಯುದ್ಧದ ಪಾಠದಾಗ ನಮ್ಮ ಭಾಗ ಎಲ್ಲದ?

ಹತ್ತನೇ ತರಗತಿಯ ಸಮಾಜ ವಿಜ್ಞಾನದಲ್ಲಿ ಎರಡೂ ಮಹಾಯುದ್ಧಗಳ ಪಾಠ ಬರುತ್ತದೆ. ನಿಮ್ಮ ಮನೆ ಮಕ್ಕಳನ್ನೇ ಒಮ್ಮೆ ಕೇಳಿ ನೋಡ್ರಿ. 1914ರಿಂದ 1918, 1939ರಿಂದ 1945, ಹಿಟ್ಲರ್, ಮುಸೊಲಿನಿ, ಹಿರೋಶಿಮಾ ಅಂತ ಪಟಪಟ ಹೇಳುತ್ತಾರೆ. ‘ಆಗ ಚಿತ್ತಾಪುರ, ಸೇಡಂ ಯಾರ ಕೈಯಾಗಿದ್ದವು? ಆ ಯುದ್ಧ ನಮ್ಮ ಭಾಗಕ್ಕೆ ಏನು ಮಾಡಿತು?’ ಅಂದರೆ ಸುಮ್ಮನಾಗುತ್ತಾರೆ. ತಪ್ಪು ಮಕ್ಕಳದಲ್ಲ. ಅಷ್ಟು ದೂರದ ಯುದ್ಧಕ್ಕೂ ತಮ್ಮ ಊರಿಗೂ ನಂಟಿದೆ ಎಂದು ಅವರಿಗೆ ಯಾರೂ ತೋರಿಸಿಲ್ಲ.

ಪಾಠೋಪಕರಣ ಅಂದ ಕೂಡಲೇ ಸ್ಮಾರ್ಟ್ ಬೋರ್ಡ್, ಪ್ರೊಜೆಕ್ಟರ್ ಅನ್ನುತ್ತೇವೆ. ಬರಲಿ, ಬೇಡ ಅನ್ನುವುದಿಲ್ಲ. ಆದರೆ ಅದರ ಮೇಲೆ ತೋರಿಸುವುದು ಏನನ್ನು? ಯುದ್ಧದ ವಿಡಿಯೊ ಹುಡುಕಿದರೆ ಸಿಗುವುದು ಹೆಚ್ಚಾಗಿ ಇಂಗ್ಲಿಷ್, ಹಿಂದಿ. ಟ್ಯಾಂಕು, ವಿಮಾನ, ಬಾಂಬು. ಹುಡುಗರಿಗೆ ಅದು ಮೊಬೈಲ್ ಗೇಮ್ ಇದ್ದಂಗೆ. ನಾವು ಹೇಳುವುದಿಷ್ಟೇ: ಈ ಪಾಠಕ್ಕೆ ಮೊದಲು ಬೇಕಾದದ್ದು ನಮ್ಮ ಭಾಗದ ಸಂಗತಿ ಇರುವ ನಾಲ್ಕು ಪುಟ ಕನ್ನಡ.

ಮೊದಲ ಪುಟದಲ್ಲಿ ಮೊದಲ ಯುದ್ಧ. ಆಗ ಗುಲ್ಬರ್ಗ ಜಿಲ್ಲೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಸಂಸ್ಥಾನದ ಕುದುರೆ ಪಡೆ ಈಜಿಪ್ಟಿಗೆ ಹೋಗಿ ಸೂಯೆಜ್ ಕಾಲುವೆ ಕಾಯಿತು. ಮೈಸೂರು, ಜೋಧಪುರದ ಪಡೆಗಳೂ ಜೊತೆಗಿದ್ದವು. ದಿಲ್ಲಿಯಲ್ಲಿ 1922ರಲ್ಲಿ ನಿಲ್ಲಿಸಿದ ತೀನ್ ಮೂರ್ತಿ ಸ್ಮಾರಕದ ಮೂರು ಸೈನಿಕರಲ್ಲಿ ಒಬ್ಬ ಹೈದರಾಬಾದ್ ಪಡೆಯವನು.

ಎರಡನೇ ಪುಟದಲ್ಲಿ 1941ರ ಡಿಸೆಂಬರ್. ಜಪಾನ್ ಪರ್ಲ್ ಹಾರ್ಬರ್ ಮೇಲೆ ಬಾಂಬ್ ಹಾಕಿದ್ದು ಎಲ್ಲ ಮಕ್ಕಳಿಗೂ ಗೊತ್ತು. ಅದಕ್ಕೂ ಸುಮಾರು ಒಂದು ತಾಸು ಮುಂಚೆ ಜಪಾನಿ ಸೈನಿಕರು ಮಲಯಾದ ಕೋಟಾ ಭಾರು ದಂಡೆಗೆ ಇಳಿದಿದ್ದರು. ಅಲ್ಲಿಯ ವಿಮಾನ ನಿಲ್ದಾಣ ಕಾಯುತ್ತಿದ್ದದ್ದು ನಿಜಾಮರ ಒಂದನೇ ಹೈದರಾಬಾದ್ ಇನ್‌ಫೆಂಟ್ರಿ. ಎರಡೂ ಯುದ್ಧಗಳಲ್ಲಿ ಮಡಿದ ಬ್ರಿಟಿಷ್ ಸಾಮ್ರಾಜ್ಯದ 17 ಲಕ್ಷ ಜನರ ದಾಖಲೆಯನ್ನು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ ತನ್ನ ವೆಬ್‌ಸೈಟಿನಲ್ಲಿ ಪುಕ್ಕಟೆ ಇಟ್ಟಿದೆ. ಮಾಸ್ತರರ ಮೊಬೈಲಿನಲ್ಲೇ ಪಡೆಯ ಹೆಸರು ಹಾಕಿ, ಮಕ್ಕಳ ಕೈಯಿಂದ ಹುಡುಕಿಸಬಹುದು.

ಮೂರನೇ ಪುಟದಲ್ಲಿ ಜೋಳ. 1942ರಲ್ಲಿ ಬರ್ಮಾ ಜಪಾನಿನ ವಶವಾಗಿ ಅಲ್ಲಿಯ ಅಕ್ಕಿ ಬರುವುದು ನಿಂತಿತು. ಮರುವರ್ಷ ಬಂಗಾಳದ ಬರಗಾಲದಲ್ಲಿ ಸುಮಾರು 30 ಲಕ್ಷ ಜನ ಸತ್ತರು. ಹೈದರಾಬಾದ್ ಸಂಸ್ಥಾನದಲ್ಲಿ ರೈತರು ಬೆಳೆದ ಕಾಳನ್ನು ‘ಲೆವಿ’ ಅಂತ ಸರ್ಕಾರ ಕಡ್ಡಾಯವಾಗಿ ಅಳೆದುಕೊಂಡು ಹೋಯಿತು. ಅದನ್ನು ಕಣ್ಣಾರೆ ಕಂಡವರು ಈಗ ತೊಂಬತ್ತರ ಆಸುಪಾಸಿನಲ್ಲಿದ್ದಾರೆ. ಅಜ್ಜನನ್ನೋ ಆಯಿಯನ್ನೋ ಕೇಳಿ ಬರೆದುಕೊಂಡು ಬಾ ಅಂತ ಮಕ್ಕಳಿಗೆ ಈ ವರ್ಷವೇ ಮನೆಗೆಲಸ ಕೊಡಬೇಕು. ಇನ್ನು ಐದು ವರ್ಷ ಬಿಟ್ಟರೆ ಹೇಳುವವರೇ ಸಿಗಲಿಕ್ಕಿಲ್ಲ.

ನಾಲ್ಕನೇ ಪುಟ ಸನ್ನತಿಯದು. ಮಹಾಯುದ್ಧಕ್ಕೂ ಸನ್ನತಿಗೂ ಏನು ಸಂಬಂಧ ಅಂತೀರಾ? ಯುದ್ಧದ ಬರಹವನ್ನು ಹೇಗೆ ಓದಬೇಕು ಎಂಬುದನ್ನು ಕಲಿಸುವ ಕಲ್ಲು ಅಲ್ಲಿದೆ. 1986ರಲ್ಲಿ ಚಂದ್ರಲಾಂಬಾ ಗುಡಿ ಆವರಣದ ಕಾಳಿಕಾ ಗುಡಿಯ ಚಾವಣಿ ಕುಸಿಯಿತು. ಮೂರ್ತಿಯ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಕಂಡಿತು. 12 ಮತ್ತು 14ನೇ ಶಾಸನ, ಜೊತೆಗೆ ಕಳಿಂಗದ ಎರಡು ಪ್ರತ್ಯೇಕ ಶಾಸನಗಳು ಅದರಲ್ಲಿವೆ. ಕಳಿಂಗದಲ್ಲಿ ಲಕ್ಷ ಜನ ಸತ್ತದ್ದನ್ನು, ಅದಕ್ಕೆ ತಾನು ನೊಂದದ್ದನ್ನು ಅಶೋಕ ಹೇಳುವುದು 13ನೇ ಶಾಸನದಲ್ಲಿ. ಅದು ಗಿರ್ನಾರ್, ಕಾಲ್ಸಿಯಂಥ ದೂರದ ಜಾಗಗಳಲ್ಲಿದೆ. ಯುದ್ಧ ನಡೆದ ಕಳಿಂಗದ ಧೌಲಿ, ಜೌಗಡದಲ್ಲಿ ಇಲ್ಲ. ಸನ್ನತಿಯ ಈ ಕಲ್ಲಿನಲ್ಲೂ ಇಲ್ಲ. ಜನರೆಲ್ಲ ನನ್ನ ಮಕ್ಕಳಿದ್ದಂತೆ, ಅಧಿಕಾರಿಗಳು ಅವರನ್ನು ಸುಮ್ಮಸುಮ್ಮನೆ ಕಾಡಬಾರದು ಎಂಬ ಮಾತು ಅಲ್ಲಿದೆ. ಯಾರು ಬರೆಸಿದರು, ಯಾರಿಗಾಗಿ, ಏನನ್ನು ಬಿಟ್ಟರು? ಸನ್ನತಿಯಲ್ಲಿ ನಿಂತು ಈ ಪ್ರಶ್ನೆ ಕೇಳಲು ಕಲಿತ ಮಕ್ಕಳು ಹಿಟ್ಲರನ ಭಾಷಣಕ್ಕೂ, ವಾಟ್ಸಾಪಿನಲ್ಲಿ ಬರುವ ಇವತ್ತಿನ ಯುದ್ಧದ ವಿಡಿಯೊಕ್ಕೂ ಅದನ್ನೇ ಕೇಳುತ್ತಾರೆ.

‘ಇದು ಪರೀಕ್ಷೆಗೆ ಬರೋದಿಲ್ಲ, ನಮಗೆ ಪೋರ್ಷನ್ ಮುಗಿಸೋದೇ ಕಷ್ಟ’ ಅಂತ ಮಾಸ್ತರರು ಅಂದಾರು. ಅವರ ಕಷ್ಟ ನಿಜ. 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಕಲಬುರಗಿ ಜಿಲ್ಲೆ ರಾಜ್ಯಕ್ಕೇ ಕೊನೆ. ಆದರೆ ಬರೀ ಬಾಯಿಪಾಠ ಮಾಡಿಸಿಯೇ ಅಲ್ಲಿಗೆ ಬಂದಿದ್ದೇವೆ ಎಂಬುದನ್ನೂ ನೆನಪಿಡಬೇಕು. ತಮ್ಮ ಮನೆಯ ಜೋಳದ ಚೀಲದ ಕಥೆ ಜೊತೆ ಕೇಳಿದ ಇಸವಿ ಮಕ್ಕಳಿಗೆ ಮರೆಯುವುದಿಲ್ಲ.

ಈ ನಾಲ್ಕು ಪುಟ ಬರೆಯಬಲ್ಲ ಇತಿಹಾಸ ಮಾಸ್ತರರು ನಮ್ಮ ತಾಲೂಕುಗಳಲ್ಲೇ ಇದ್ದಾರೆ. ಬಿಇಒ ಕಚೇರಿ ಅವರನ್ನು ಎರಡು ದಿನ ಒಂದೆಡೆ ಕೂಡಿಸಿದರೆ ಸಾಕು, ಜೆರಾಕ್ಸ್ ಖರ್ಚು ದೊಡ್ಡದಲ್ಲ. ನಿಮ್ಮೂರಿನ ಸಾಲಿಯ ಎಸ್‌ಡಿಎಂಸಿ ಸಭೆ ಮುಂದೆ ಯಾವಾಗ ಕೂಡಿದರೂ ಎರಡು ಮಾತು ಕೇಳ್ರಿ: ಈ ವರ್ಷ ನಮ್ಮ ಮಕ್ಕಳನ್ನು ಸನ್ನತಿಗೆ ಕರೆದುಕೊಂಡು ಹೋಗುತ್ತೀರಾ? ಲೆವಿ ಕಂಡ ಹಿರಿಯರೊಬ್ಬರನ್ನು ತರಗತಿಗೆ ಕರೆಸುತ್ತೀರಾ?